ಅಪ್ಪನ ಪಾದ ಊದಿದಾಗ

ತೊಂಬತ್ತರ ದಶಕದ ಕೊನೆ. ಪಿರಿಯಾಪಟ್ಟಣದ ಹತ್ತಿರದ ನಮ್ಮೂರಲ್ಲಿ ಹೊಗೆಸೊಪ್ಪು ಬೇಯಿಸುವ ಕಾಲದಲ್ಲೇ ಅಪ್ಪನಿಗೆ ಎದೆನೋವು ಶುರುವಾಯಿತು. ಸೌದೆ ಹೊತ್ತು ನಾಲ್ಕು ಹೆಜ್ಜೆ ಹಾಕಿದರೆ ಎದೆ ಹಿಂಡುತ್ತಿತ್ತು, ಕೂತರೆ ಬಿಡುತ್ತಿತ್ತು. ಹೃದಯಕ್ಕೆ ರಕ್ತ ಸಾಲುತ್ತಿಲ್ಲ ಎಂದ ಹುಣಸೂರಿನ ಡಾಕ್ಟರು ಆಮ್ಲೋಡಿಪಿನ್ ಎಂಬ ಮಾತ್ರೆ ಬರೆದರು. ರಕ್ತನಾಳ ಸಡಿಲವಾಗುತ್ತದೆ, ದಿನಕ್ಕೊಂದು, ತಪ್ಪಿಸಬಾರದು ಎಂದರು. ಮನೆಯಲ್ಲಿ ಇಂಗ್ಲಿಷ್ ಓದಬಲ್ಲವಳು ಪಿಯುಸಿ ಮುಗಿಸಿದ್ದ ನಾನೊಬ್ಬಳೇ. ಹಾಗಾಗಿ ಮಾತ್ರೆಯ ಉಸ್ತುವಾರಿ ನನ್ನ ತಲೆಗೆ ಬಿತ್ತು. ಜಂಬವೂ ಇತ್ತು, ಸುಳ್ಳೇಕೆ ಹೇಳಲಿ.

ಎರಡು ತಿಂಗಳಲ್ಲಿ ನೋವು ಹೆಚ್ಚುಕಮ್ಮಿ ನಿಂತೇ ಹೋಯಿತು. ಆದರೆ ಪಾದಗಳು ಊದಿಕೊಂಡವು. ಚಪ್ಪಲಿ ಹಿಡಿಸದು, ಬೆರಳಲ್ಲಿ ಒತ್ತಿದರೆ ಗುಳಿ. ನನಗೆ ತಲೆ ಕೆಟ್ಟುಹೋಯಿತು. ಎದೆಗೆಂದು ನುಂಗಿದ್ದು ಕಾಲಲ್ಲಿ ಯಾಕೆ ಕಾಣಿಸಿಕೊಳ್ಳಬೇಕು? ರೋಗ ಕೆಳಗಿಳಿಯಿತೇ, ಇಲ್ಲ ಮಾತ್ರೆಯೇ ರೋಗವೇ? ಸೊಪ್ಪು ಕಟ್ಟಲು ಬರುತ್ತಿದ್ದ ಅಜ್ಜಿ, "ಕಾಲ್ಗೆ ನೀರು ಇಳುದ್ರೆ ಮುಗೀತು ಕಣವ್ವ, ನಮ್ ಯಜಮಾನ್ರಿಗೂ ಅಂಗೇ ಆಗಿದ್ದು" ಎಂದು ಇನ್ನಷ್ಟು ಹೆದರಿಸಿದಳು.

ಸೊಪ್ಪನ್ನು ಬಿಸಿಗಾಳಿಯಲ್ಲಿ ಹದ ಮಾಡುವ ಎತ್ತರದ ಕೋಣೆಗೆ ನಮ್ಮಲ್ಲಿ ಬ್ಯಾರನ್ ಎನ್ನುತ್ತಾರೆ. ಅಲ್ಲಿ ಅಪ್ಪ ಕಲಿಸಿದ ಪಾಠ ಒಂದೇ: ಸೊಪ್ಪು ಕಪ್ಪಾಗುತ್ತಿದೆ ಅನ್ನಿಸಿದರೆ ಮೊದಲು ಒಲೆಯಿಂದ ಸೌದೆ ಎಳಿ, ಕಾರಣ ಆಮೇಲೆ ಹುಡುಕು. ನಾನೂ ಅದನ್ನೇ ಮಾಡಿದೆ. ಮಾತ್ರೆ ನಿಲ್ಲಿಸಿಬಿಟ್ಟೆ. ಅಪ್ಪ ಕೇಳಿದಾಗ, "ಬೂತಿಂದ ಫೋನ್ ಮಾಡಿದ್ದೆ ಕಣಪ್ಪ, ಡಾಕ್ಟ್ರೇ ನಿಲ್ಲಿಸು ಅಂದ್ರು" ಎಂದು ಸುಳ್ಳು ಹೇಳಿದೆ.

"ಸರಿ ಬುಡು, ನಿಂಗೆ ಗೊತ್ತಲ್ಲ" ಎಂದ ಅಪ್ಪ.

ಊತ ಇಳಿಯಿತು. ಡಾಕ್ಟರಿಗಿಂತ ನಾನೇ ವಾಸಿ ಎಂದು ಒಳಗೊಳಗೇ ಬೀಗಿದೆ. ಹದಿನೈದು ದಿನ ಕಳೆದಿರಬೇಕು, ಒಲೆಗೆ ದಿಮ್ಮಿ ತಳ್ಳುತ್ತಿದ್ದ ಅಪ್ಪ ಎದೆ ಹಿಡಿದು ಕುಸಿದು ಕೂತ. ಅಂಗಿಯೆಲ್ಲ ಬೆವರು. ಪಕ್ಕದ ಜಮೀನಿನವರ ಜೀಪಿನಲ್ಲಿ ಹುಣಸೂರು ಮುಟ್ಟುವಷ್ಟರಲ್ಲಿ ನನ್ನ ಜೀವ ಬಾಯಿಗೆ ಬಂದಿತ್ತು.

ನೋವು ಹತೋಟಿಗೆ ಬಂದ ಮೇಲೆ, ಕಾಲು ಊದಿದ್ದು, ಮಾತ್ರೆ ನಿಂತಿದ್ದು ತಿಳಿದು ಡಾಕ್ಟರು ವಿವರಿಸಿದರು. ಊತ ಮಾತ್ರೆಯಿಂದಲೇ ಬಂದದ್ದು, ಕೆಲವರಿಗೆ ಹಾಗಾಗುತ್ತದೆ, ಬಂದು ಹೇಳಿದ್ದರೆ ಬದಲಿಸುತ್ತಿದ್ದೆ. ಎದೆನೋವನ್ನು ತಡೆದಿದ್ದೂ ಅದೇ ಮಾತ್ರೆ ಎಂದರು. ಹಾಗಾದರೆ ನನ್ನ ಊಹೆ ಸರಿಯೋ ತಪ್ಪೋ? ಎರಡೂ ಒಟ್ಟಿಗೆ ಹೇಗಾಗುತ್ತದೆ? ಅಳು ಬಂತು, ಯಾವುದಕ್ಕೆಂದು ಮಾತ್ರ ತಿಳಿಯಲಿಲ್ಲ.

"ನಿಲ್ಲಿಸೋಕೆ ಹೇಳಿದ್ದು ಯಾರ್ರೀ?" ಡಾಕ್ಟರು ಗದರಿದರು.

ಅಪ್ಪ ನನ್ನ ಮುಖ ನೋಡಿದ. ನಾನು ಯಾವ ಫೋನೂ ಮಾಡಿರಲಿಲ್ಲ ಎಂಬುದು ಅವನಿಗೆ ತಿಳಿದದ್ದು ಆಗಲೇ.

"ಯಾರೂ ಇಲ್ಲ ಕಣ್ರೀ ಡಾಕ್ಟ್ರೇ. ನನ್ ಮಗ್ಳು ದಿನಾ ತಂದ್ಕೊಡೋಳು. ನಾನೇ ಎಸ್ದುಬುಡ್ತಿದ್ದೆ."

ಡಾಕ್ಟರು ಹೊಸ ಚೀಟಿಯನ್ನು ನನ್ನ ಕೈಗಿಟ್ಟು, "ಇನ್ಮೇಲೆ ಇವರು ನುಂಗೋವರೆಗೂ ನಿಂತು ನೋಡಮ್ಮ. ನಾನು ನಂಬೋದು ನಿನ್ನನ್ನೇ" ಎಂದರು.