ಮುನ್ನೂರ ಮೂವತ್ತು ಅಡಿ, ಎಲ್ಲಿಂದ?

ಬೆಟ್ಟದ ಮೇಲಿನ ಹಳೆಯ ಗೋಪುರವನ್ನು ಇಪ್ಪತ್ತೆರಡು ವರ್ಷಗಳಿಂದ ಕಾಯುತ್ತಿರುವ ಹೆಂಗಸನ್ನು ಎಲ್ಲರೂ ಕರೆಯುವುದು ಸೀಟಿಯಮ್ಮ ಎಂದೇ. ಯಾರಾದರೂ ಗೋಡೆ ಮುಟ್ಟಿದರೆ ಸಾಕು, ಸೀಟಿ ಬಾಯಿಗೆ ಬರುತ್ತಿತ್ತು. ಅಂದು ಬೆಳಿಗ್ಗೆ ಡ್ರೋನ್ ಪೆಟ್ಟಿಗೆ ಹೊತ್ತು ಏದುಸಿರು ಬಿಡುತ್ತ ಬಂದವನು ಅವಳ ಮೈದುನ. ಅಣ್ಣನನ್ನು ಮಣ್ಣು ಮಾಡಿದ ದಿನ ಯಾರದೋ ಮದುವೆಯ ವಿಡಿಯೊ ತೆಗೆಯುತ್ತಿದ್ದವನು. ಮೂರು ವರ್ಷಗಳಿಂದ ಅವನ ನಂಬರು ಅವಳ ಫೋನಿನಲ್ಲಿ ಬ್ಲಾಕ್ ಆಗಿತ್ತು.

“ಪರ್ಮಿಷನ್ ಇದೆ, ಅತ್ತಿಗೆ.”

ಅವಳು ಪತ್ರವನ್ನು ಎರಡು ಸಲ ಓದಿದಳು. “‘ಆವರಣದ ಹೊರಗಿನಿಂದ ಹಾರಿಸತಕ್ಕದ್ದು.’ ಮೆಟ್ಟಿಲಿನ ಬುಡದವರೆಗೂ ಆವರಣವೇ. ಇಳಿ.”

“ಈಗಷ್ಟೇ ಹತ್ತಿ ಬಂದೆನಲ್ಲ!”

“ಇಳಿಯೋದು ನಿನಗೇನು ಹೊಸದಾ? ಸರಿ, ಸಿಗ್ನಲ್ ತಪ್ಪಿ ಇದು ಗೋಪುರಕ್ಕೆ ಬಡಿದರೆ?”

“ಇದು ನಿಮ್ಮ ಹಾಗಲ್ಲ, ಹೇಳಿದ್ದು ಕೇಳುತ್ತೆ. ಸಿಗ್ನಲ್ ತಪ್ಪಿದರೆ ಮುನ್ನೂರ ಮೂವತ್ತು ಅಡಿಗೆ ಏರಿ, ಹೊರಟ ಜಾಗಕ್ಕೆ ನೆಟ್ಟಗೆ ವಾಪಸ್. ಬೋರ್ಡ್ ನೋಡಿ, ನಿಮ್ಮ ಗೋಪುರ ಅರವತ್ತೇ ಅಡಿ.”

ಅವನು ಗೊಣಗುತ್ತ ಇಳಿದುಹೋದ. ಅವಳು ಗೆದ್ದ ಖುಷಿಯಲ್ಲಿ ಕುಳಿತಳು. ಅರ್ಧ ಗಳಿಗೆಯಲ್ಲೇ ಲೆಕ್ಕ ಹೊಳೆಯಿತು. ಯಂತ್ರ ಎತ್ತರವನ್ನು ಎಣಿಸುವುದು ಹೊರಟ ಜಾಗದಿಂದ ತಾನೇ? ಮೇಲಿನಿಂದ ಹಾರಿಸಬೇಕೆಂದು ಬಂದವನನ್ನು ಬುಡಕ್ಕೆ ಕಳಿಸಿದವಳು ಅವಳೇ. ಮೆಟ್ಟಿಲು ಐನೂರ ಹನ್ನೆರಡು, ಒಂದೊಂದೂ ಏಳು ಅಂಗುಲ. ಹತ್ತಿರಹತ್ತಿರ ಮುನ್ನೂರು ಅಡಿ. ಹಾಗಾದರೆ ಮುನ್ನೂರ ಮೂವತ್ತು ಅಂದರೆ ಗೋಪುರದ ನಟ್ಟನಡುವೆ. ಅಲ್ಲಿ ಹಿಂಬದಿಯ ಗೋಡೆಯಲ್ಲಿರುವುದು ಕಲ್ಲಿನ ಜಾಲಂಧ್ರ. ಸಿಡಿಲಿಗೆ ಒಡೆದಿದ್ದ ಆ ಕಿಟಕಿಯನ್ನು ಹನ್ನೊಂದು ತಿಂಗಳು ಕುಳಿತು ಚೂರು ಚೂರೇ ಕೂಡಿಸಿದವನು ಕಲ್ಲುಕುಟಿಗನಾಗಿದ್ದ ಅವಳ ಗಂಡ.

ಮೈದುನನ ಡ್ರೋನ್ ಪುಡಿಯಾದರೆ ಅವಳಿಗೆ ಸ್ವರ್ಗಕ್ಕೆ ಮೂರೇ ಗೇಣು. ಆದರೆ ಆ ಜಾಲಂಧ್ರ?

ಹಲ್ಲು ಕಚ್ಚಿಕೊಂಡು ಬ್ಲಾಕ್ ತೆಗೆದು ಫೋನ್ ಮಾಡಿದಳು.

“ಮುನ್ನೂರ ಎಂಬತ್ತು ಮಾಡು.”

“ಅತ್ತಿಗೇನಾ? ಯಾಕೆ?”

“ನಿಂತಿರೋದು ಬುಡದಲ್ಲಿ, ಬುದ್ಧಿ ಇರೋದು ಅದಕ್ಕೂ ಕೆಳಗೆ. ಮೆಟ್ಟಿಲು ಮುನ್ನೂರಡಿ, ಗೋಪುರ ಅರವತ್ತು. ಕೂಡು.”

ಆ ಕಡೆ ಲೆಕ್ಕ ಗೊಣಗುವ ಸದ್ದು. ಆಮೇಲೆ ಮೆಲ್ಲಗೆ, “ಹೌದಲ್ವಾ.”

ಡ್ರೋನ್ ಮೇಲೆ ಬಂತು. ಗೋಪುರದ ಹಿಂದಕ್ಕೆ ಸರಿದು, ಜಾಲಂಧ್ರದ ಮುಂದೆ ಗುಂಯ್‌ಗುಟ್ಟುತ್ತ ಅತ್ತಿತ್ತ ಸುಳಿಯಿತು. ಅಲ್ಲಿ ದಿಕ್ಕು ತಪ್ಪಿದಂತೆ ಗಕ್ಕನೆ ನಿಂತಿತು. ಸಿಗ್ನಲ್ ಹೋಗಿತ್ತು. ಸೀಟಿ ತಾನಾಗಿ ಸೀಟಿಯಮ್ಮನ ಬಾಯಿಗೆ ಬಂತು. ಅದು ಏರಿತು, ಇನ್ನೂ ಏರಿತು, ಶಿಖರದಿಂದ ಇಪ್ಪತ್ತಡಿ ಮೇಲೆ ಹಾದು ಕೆಳಗಿಳಿಯಿತು.

ಫೋನ್ ಬಂತು. “ಅತ್ತಿಗೆ, ಅಣ್ಣ ಕೂಡಿಸಿದ್ದು ತುಂಬ ಹತ್ತಿರದಿಂದ ಬಂದಿದೆ. ಒಂದೊಂದು ಬೆಸುಗೆನೂ ಕಾಣುತ್ತೆ. ಕಳಿಸಲಾ?”

ಅವಳು ತಲೆ ಎತ್ತಿ ಜಾಲಂಧ್ರದತ್ತ ನೋಡಿದಳು.

“ಕಳಿಸು. ಸಂಜೆವರೆಗೆ ಬ್ಲಾಕ್ ಮಾಡಲ್ಲ.”