ಆರು ಲೈನ್

ಆ ಸಂದರ್ಶನದಲ್ಲಿ ನಾನು ಆಡಿದ ಮಾತುಗಳನ್ನು ನೆನಪಿಸಿಕೊಂಡು ಮೂರು ಸಲ ಬರೆದಿಟ್ಟಿದ್ದೇನೆ. ಮೂರು ಸಲವೂ ಮಾತುಗಳು ಅವೇ. ಒಂದು ಪದವೂ ಸುಳ್ಳಲ್ಲ.

ಇಂಜಿನಿಯರಿಂಗ್ ಮೂರನೆಯ ವರ್ಷದಲ್ಲಿದ್ದೆ. ಇಂಟರ್ನ್‌ಶಿಪ್‌ಗೆಂದು ಬೆಂಗಳೂರಿನ ಕಂಡಕಂಡ ಸಾಫ್ಟ್‌ವೇರ್ ಕಂಪನಿಗಳಿಗೆಲ್ಲ ಅರ್ಜಿ ಹಾಕಿದ್ದೆ. ಹೆಚ್ಚಿನವು ಉತ್ತರವನ್ನೇ ಕೊಡಲಿಲ್ಲ. ಒಂದೇ ಒಂದು ಕಂಪನಿ ವಿಡಿಯೊ ಸಂದರ್ಶನಕ್ಕೆ ಕರೆಯಿತು. ಅದು ಕೈತಪ್ಪಿದರೆ ಆ ವರ್ಷ ನನಗೆ ಬೇರೆ ಯಾವುದೂ ಇರಲಿಲ್ಲ.

ನಾನೇ ಮಾಡಿದ್ದು ಎಂದು ತೋರಿಸಲು ಇದ್ದದ್ದೂ ಒಂದೇ ಕೆಲಸ. ನನ್ನ ಸೋದರಮಾವ ವನಗೂರಿನ ಹತ್ತಿರದ ಕಾಫಿ ಎಸ್ಟೇಟಿನಲ್ಲಿ ರೈಟರ್. ಬೆಳಿಗ್ಗೆ ಆಳುಗಳ ಹಾಜರಿ ಹಾಕುವುದು ರೈಟರ್ ಕೆಲಸ. ಆಳುಗಳು ವಾಸಿಸುವ ಸಾಲುಮನೆಗಳಿಗೆ ನಮ್ಮಲ್ಲಿ ಲೈನ್ ಎನ್ನುತ್ತಾರೆ. ಮಾವ ಒಂದೊಂದು ಲೈನ್‌ನವರನ್ನೇ ಕರೆದು ಹಾಜರಿ ಹಾಕುತ್ತಿದ್ದರು. ಅದೇ ಕ್ರಮದಲ್ಲಿ ಹಾಜರಿ ಹಿಡಿಯುವ ಒಂದು ಮೊಬೈಲ್ ಆ್ಯಪ್ ಅನ್ನು ನಾನು ರಜೆಯಲ್ಲಿ ಮಾಡಿಕೊಟ್ಟಿದ್ದೆ.

ಇಂಟರ್ನೆಟ್ ಸರಿಯಾಗಿ ಬರುತ್ತಿದ್ದದ್ದು ಎಸ್ಟೇಟಿನ ಆಫೀಸಿನಲ್ಲಿ. ಸಂದರ್ಶನ ಅಲ್ಲೇ. ಮಾವ ಕುರ್ಚಿ ಎತ್ತಿಕೊಂಡು ಹೋಗಿ ಕಿಟಕಿಯ ಆಚೆ ಕೂತರು. ಆ್ಯಪ್ ಬಗ್ಗೆ ಹೇಳಬೇಕಾದದ್ದನ್ನೆಲ್ಲ ನಾನು ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿದ್ದೆ. ರೈಟರ್‌ಗೆ ಸೂಪರ್‌ವೈಸರ್, ಲೈನ್‌ಗೆ ಕ್ವಾರ್ಟರ್ಸ್ ಎಂದು ಹುಡುಕಿ ಇಟ್ಟುಕೊಂಡಿದ್ದೆ.

ಸಂದರ್ಶನ ಮಾಡುತ್ತಿದ್ದವರು ಮೊದಲು ಒಂದು ಪ್ರೋಗ್ರಾಂ ಬರೆಯಲು ಹೇಳಿದರು. ಬರೆದೆ. ಖಾಲಿ ಪಟ್ಟಿ ಕೊಟ್ಟರೆ ಏನಾಗುತ್ತದೆ ಎಂದು ಕೇಳಿದರು. ನನ್ನ ಪ್ರೋಗ್ರಾಂ ಕೆಟ್ಟು ನಿಲ್ಲುತ್ತಿತ್ತು. ಸರಿಪಡಿಸಿದೆ. ಅದನ್ನು ವಿವರಿಸುವಾಗ ನನ್ನ ಇಂಗ್ಲಿಷ್ ತೊದಲಿತು. ಅವರು ನಕ್ಕು, "ಕನ್ನಡದಲ್ಲೇ ಹೇಳಿ, ಪರವಾಗಿಲ್ಲ" ಎಂದರು. ಒಳ್ಳೆಯ ಮನುಷ್ಯ ಎನಿಸಿತು. ಈಗಲೂ ಹಾಗೇ ಅನಿಸುತ್ತದೆ.

ಆ್ಯಪ್ ತೆರೆದು ತೋರಿಸಿದೆ. ಪರದೆಯ ಮೇಲೆ ಅಂದಿನ ಹಾಜರಿ ಇತ್ತು.

"ಇದನ್ನೆಲ್ಲ ಬರೆದಿದ್ದು ನೀವೇನಾ?"

"ಇಲ್ಲ ಸರ್. ಬರೆಯೋದೆಲ್ಲ ರೈಟರ್."

"ರೈಟರ್?"

"ನಮ್ಮ ಮಾವ ಸರ್."

"ಅವರಿಗೆ ಇದೆಲ್ಲ ಬರುತ್ತಾ?"

"ಇಪ್ಪತ್ತು ವರ್ಷದಿಂದ ಅದೇ ಕೆಲಸ ಸರ್."

"ಒಟ್ಟು ಎಷ್ಟು ಲೈನ್ ಇದೆ?"

"ಆರು ಸರ್."

"ಆರು ನೂರಾ?"

"ಅಲ್ಲ ಸರ್, ಆರೇ. ಮೊದಲು ಎಂಟಿತ್ತು. ಎರಡು ಹಳೇದಾಗಿತ್ತು ಅಂತ ತೆಗೆದುಬಿಟ್ಟರು."

ಅವರು ತಲೆ ತಗ್ಗಿಸಿ ಏನೋ ಬರೆದುಕೊಂಡರು. "ಹಾಗಾದರೆ ಇದರಲ್ಲಿ ನೀವು ಮಾಡಿದ್ದೇನು?"

ಪ್ರಶ್ನೆ ನನಗೆ ವಿಚಿತ್ರ ಎನಿಸಲಿಲ್ಲ. ಆ್ಯಪ್ ಬಳಕೆಗೆ ಬಂದ ಮೇಲೆ ಏನು ಮಾಡಿದೆ ಎಂದು ಕೇಳುತ್ತಿದ್ದಾರೆ ಅಂದುಕೊಂಡೆ. "ಮಾವನ ಪಕ್ಕ ಕೂತು ಹೇಳಿಕೊಟ್ಟೆ ಸರ್. ಆಮೇಲೆ ಅವರೇ ಮಾಡಿಕೊಂಡರು" ಎಂದೆ.

"ಸರಿ. ತಿಳಿಸ್ತೀವಿ."

ಮಾವ ಕುರ್ಚಿ ಹಿಡಿದು ಒಳಗೆ ಬಂದರು. "ಏನ್ ಮಾರಾಯ್ತಿ, ಸಿಕ್ತಾ?"

"ಗೊತ್ತಿಲ್ಲ ಮಾವ."

"ನನ್ ಇಚಾರಾನೇ ಜಾಸ್ತಿ ಕೇಳ್ದಂಗಿತ್ತು. ನನ್ನೇ ಕರ್ಕಂಬುಟ್ಟಾರು ನೋಡು." ಕುರ್ಚಿ ಇಟ್ಟು ಕೂತರು. "ಅಲ್ಲ ಕಣೆ, ನಮ್ ಎಸ್ಟೇಟಲ್ಲಿ ಎಷ್ಟ್ ಲೈನ್ ಐತೆ ಅನ್ನೋದ್ನ ಕಟ್ಕೊಂಡು ಆ ಬೆಂಗ್ಳೂರ್‌ನೋರಿಗೆ ಏನಾಗ್‌ಬೇಕು?"

ನಾನು ಲ್ಯಾಪ್‌ಟಾಪ್ ಮುಚ್ಚುತ್ತಿದ್ದೆ. ಕೈ ಅಲ್ಲೇ ನಿಂತಿತು. ಸಂದರ್ಶನ ಮಾಡಿದವರು ಲೈನ್ ಎಂದದ್ದು ಕೋಡ್‌ನ, ಅಂದರೆ ಪ್ರೋಗ್ರಾಂನ, ಸಾಲುಗಳಿಗೆ. ಬರೆದವರು ಯಾರು ಎಂದು ಕೇಳಿದ್ದೂ ಕೋಡ್ ಬಗ್ಗೆ. ಮಾವ ಬರೆದುಕೊಟ್ಟ ಆರು ಸಾಲನ್ನು ನನ್ನದೆಂದು ಅರ್ಜಿಯಲ್ಲಿ ಹಾಕಿದ್ದೇನೆ ಎಂದು ನಾನೇ ಒಪ್ಪಿಕೊಂಡಂತಾಗಿತ್ತು.

ಮಾವನಿಗೆ ವಿವರಿಸಿದೆ. ಅವರು ಮೊದಲು ಹೊಟ್ಟೆ ಹಿಡಿದು ನಕ್ಕರು. ನನ್ನ ಮುಖ ನೋಡಿ ನಿಲ್ಲಿಸಿದರು. "ನಾನೇ ಫೋನ್ ಮಾಡಿ ಹೇಳ್ಲಾ? ನಂಗೆ ಕೋಡೂ ಬರಾಕಿಲ್ಲ ಗೀಡೂ ಬರಾಕಿಲ್ಲ ಸ್ವಾಮಿ, ನಾನು ಬರೀ ರೈಟ್ರು ಅಂತ?"

"ಬ್ಯಾಡ ಮಾವ, ರೈಟರ್ ಅನ್ಬೇಡ!"

ಮೇಲ್ ಬರೆಯಲು ಕೂತೆ. ರೈಟರ್ ಎಂದರೆ ಕೋಡ್ ಬರೆಯುವವನಲ್ಲ, ಲೈನ್ ಎಂದರೆ ಅದರ ಸಾಲಲ್ಲ ಎಂದು ಬರೆದು ಓದಿದರೆ ಸಿಕ್ಕಿಬಿದ್ದವಳು ಕಟ್ಟಿದ ಕಥೆಯ ಹಾಗೆ ಇತ್ತು. ಅಳಿಸಿ, ತಿದ್ದಿ, ಕೊನೆಗೆ ಕಳಿಸಿದಾಗ ಐದೂ ಹತ್ತು. ಆಮೇಲೆ ಇನ್‌ಬಾಕ್ಸ್ ನೋಡಿದೆ. ಈ ಬಾರಿ ಆಯ್ಕೆ ಮಾಡಲಾಗುತ್ತಿಲ್ಲ ಎಂಬ ಅವರ ಮೇಲ್ ಅಲ್ಲಿತ್ತು. ಬಂದದ್ದು ಐದಕ್ಕೆ ಹತ್ತು ನಿಮಿಷ ಇರುವಾಗ.

ನನ್ನ ಮೇಲ್‌ಗೆ ಉತ್ತರ ಬರಲಿಲ್ಲ. ಕಾರಣ ಆರು ಲೈನೋ, ಖಾಲಿ ಪಟ್ಟಿಯೋ, ತೊದಲಿದ ಇಂಗ್ಲಿಷೋ, ನನಗೆ ತಿಳಿಯದು. ನನ್ನನ್ನು ಸುಳ್ಳುಗಾತಿ ಎಂದುಕೊಂಡರೋ, ದಡ್ಡಿ ಎಂದುಕೊಂಡರೋ, ಅದೂ ತಿಳಿಯದು.

ಆ ಸಂಜೆ ಅಲ್ಲೇ ಕೂತು ಕೋಡ್‌ನ ಸಾಲುಗಳನ್ನು ಲೆಕ್ಕ ಹಾಕಿಸಿದೆ. ಮುಂದೆ ಯಾರಾದರೂ ಕೇಳಿದರೆ ಹೇಳಲು ಬೇಕಿತ್ತು. ಖಾಲಿ ಸಾಲುಗಳನ್ನು ಬಿಟ್ಟು ಸಾವಿರದ ಹನ್ನೊಂದು ಬಂತು. "ಸಾವಿರದ ಹನ್ನೊಂದು ಲೈನ್ ಮಾವ" ಎಂದೆ.

ಮಾವ ನಾಳೆಯ ಕೆಲಸದ ಪಟ್ಟಿ ನೋಡುತ್ತಿದ್ದವರು ಕತ್ತೆತ್ತಿದರು. "ಸಾವ್ರ ಲೈನಾ? ಅಷ್ಟ್ ಜನಕ್ಕೆ ಹಾಜರಿ ಹಾಕೋನ್ ಯಾವನೇ?"