ಮುಂದಿನ ಗ್ಲಾಸು, ಒಂದು ತಾಸು

ತಮ್ಮನಿಗೆ ಹೆಣ್ಣು ನೋಡಲು ನಾವು ಕೊಟ್ಟೂರಿನಿಂದ ಹೊರಟದ್ದು ಒಂದು ಭಾನುವಾರ ಬೆಳಿಗ್ಗೆ ಹತ್ತಕ್ಕೆ. ಹೋಗಬೇಕಿದ್ದದ್ದು ಹರಪನಹಳ್ಳಿ ದಾಟಿ ನೀಲಗುಂದಕ್ಕೆ. ಕಾರು ನನ್ನದು, ಓಡಿಸುತ್ತಿದ್ದವಳೂ ನಾನೇ. ಪಕ್ಕದಲ್ಲಿ ಸೋದರಮಾವ, ಹಿಂದೆ ಅವ್ವ ಮತ್ತು ತಮ್ಮ.

ತಮ್ಮ ಹಗರಿಬೊಮ್ಮನಹಳ್ಳಿಯಲ್ಲಿ ಬೀಜ, ಗೊಬ್ಬರದ ಅಂಗಡಿ ಇಟ್ಟಿದ್ದಾನೆ. ಅಂಗಡಿಗೆ ಬಂದ ರೈತರೊಡನೆ ಸಂಜೆಯವರೆಗೂ ಮಾತಾಡುತ್ತಾನೆ. ಆದರೆ ಹುಡುಗಿಯ ಎದುರು ಕೂರಿಸಿದರೆ ಬಾಯಿಗೆ ಬೀಗ. ಅಲ್ಲಿಯವರೆಗೆ ಏಳು ಕಡೆ ಹೆಣ್ಣು ನೋಡಿದ್ದೆವು. ಅದರಲ್ಲಿ ನಾಲ್ಕು ಕಡೆ ನಾವೇ ಬೇಡವೆಂದೆವು ಎಂದು ಅವ್ವ ಹೇಳುತ್ತಾಳೆ. ನಾನು ಗಣಿತದ ಟೀಚರು. ನನ್ನ ಲೆಕ್ಕದಲ್ಲಿ ಏಳೂ ಕಡೆ ಬೇಡವೆಂದದ್ದು ಅವರೇ.

"ನಾಕೂವರಿಗೆ ರಾಹುಕಾಲ ಹತ್ತತೈತಿ," ಎಂದು ಮಾವ ಊರು ದಾಟುವ ಮೊದಲೇ ಮೂರು ಸಲ ಹೇಳಿದ್ದ. "ಅಷ್ಟರಾಗ ನೋಡಿ, ತಿಂದು, ಎದ್ದು ಬಿಡಬೇಕು."

ಹರಪನಹಳ್ಳಿ ಇನ್ನೂ ದೂರವಿತ್ತು. ಮುಂದೆ ಜಲ್ಲಿ ತುಂಬಿಕೊಂಡು ಒಂದು ಟಿಪ್ಪರ್ ಹೋಗುತ್ತಿತ್ತು. ಅದನ್ನು ಹಿಂದೆ ಹಾಕಬೇಕೆಂದು ನಾನು ಹತ್ತಿರ ಹೋದದ್ದೇ ತಪ್ಪು. ಒಂದು ಜಲ್ಲಿಕಲ್ಲು ಹಾರಿಬಂದು ಟಕ್ಕೆಂದಿತು. ಮುಂದಿನ ಗ್ಲಾಸಿನ ನಡುವೆ ಮೆಣಸಿನ ಕಾಳಿನಷ್ಟು ಬಿಳಿ ಗುರುತು ಬಿತ್ತು.

"ಏನಾಗಿಲ್ಲ, ನಡಿ," ಎಂದ ಮಾವ.

ಮೊದಲ ರೋಡ್ ಹಂಪ್ ಹಾರಿದಾಗ ಗುರುತಿನಿಂದ ಒಂದು ಗೆರೆ ಹೊರಟಿತು. ಎರಡನೆಯ ಹಂಪಿಗೆ ಆ ಗೆರೆ ಮಾವನ ಕಡೆಗೆ ತಿರುಗಿತು. ಮಾವ ಸದ್ದಿಲ್ಲದೆ ಸೀಟನ್ನು ಹಿಂದಕ್ಕೆ ಸರಿಸಿಕೊಂಡ. ಹರಪನಹಳ್ಳಿ ಮುಟ್ಟುವಷ್ಟರಲ್ಲಿ ಬಿರುಕು ನನ್ನ ಕಣ್ಣ ಮುಂದಕ್ಕೂ ಬಂದಿತ್ತು. ಎದುರಿಗೆ ಬರುವ ಒಂದು ಬೈಕು ಎರಡಾಗಿ ಕಾಣುತ್ತಿತ್ತು. ಇನ್ನು ಓಡಿಸುವುದಿಲ್ಲ ಎಂದು ನಾನು ಹಠ ಹಿಡಿದೆ.

ಊರ ಹೊರಗೆ ಕಾರಿನ ಗ್ಲಾಸು ಹಾಕುವ ಒಂದು ತಗಡಿನ ಶೆಡ್ ಸಿಕ್ಕಿತು. ಐವತ್ತರ ಮೇಲಿನ ಮೇಸ್ತ್ರಿ, ಒಬ್ಬನೇ ಇದ್ದ. ಗ್ಲಾಸನ್ನು ಬೆರಳಿನಿಂದ ತಟ್ಟಿ ನೋಡಿ, "ಹೊಸದೇ ಹಾಕ್ಬೇಕ್ರೀ," ಎಂದ.

"ಎಷ್ಟೊತ್ತು ಆಕ್ಕೈತ್ರಿ?" ಎಂದು ಮಾವ ಕೇಳಿದ.

"ಒಂದ್ ತಾಸು."

ಆಗ ಗಂಟೆ ಹನ್ನೊಂದು. ಮಾವನ ಮುಖ ಅರಳಿತು. ಆಟೋ ಹಿಡಿದು ಹೋಗಿಬಿಡೋಣ ಎಂದು ನಾನು ಹೇಳಿದ್ದಕ್ಕೆ ಅವನು ಒಪ್ಪಲಿಲ್ಲ.

"ಆಟೋದಾಗ ಇಳದ್ರ ಹುಡುಗನ ಕಡೆ ಕಾರಿಲ್ಲ ಅಂತಾರವ್ವ."

"ಕಾರು ನಂದಲ್ಲೇನು ಮಾವ?"

"ಅದನ್ನ ಅವರಿಗೆ ಯಾರು ಹೇಳ್ಯಾರ?"

ಹೀಗೆ ನಾವು ಕಾಯಲು ಕೂತೆವು. ಅವ್ವನಿಗೆ ಪ್ಲಾಸ್ಟಿಕ್ ಕುರ್ಚಿ, ಮಾವನಿಗೆ ಹಳೆಯ ಟೈರು. ಮೇಸ್ತ್ರಿ ಯಾರಿಗೋ ಫೋನು ಹಚ್ಚಿ ಮಾತಾಡಿದ. ಆಮೇಲೆ ಒಂದು ತೆಳ್ಳನೆಯ ಉಕ್ಕಿನ ತಂತಿ ತಂದು, ಹಳೆಯ ಗ್ಲಾಸಿನ ಅಂಚಿನ ಅಂಟಿನೊಳಗೆ ತೂರಿಸಿ, "ಒಳಗ ಒಬ್ರು ಕೂಡ್ರಿ, ಹೊರಗ ನಾನು. ಗರಗಸ ಎಳದಂಗ ಎಳೀಬೇಕು," ಎಂದ. ಇಸ್ತ್ರಿ ಮಾಡಿದ ಕೆನೆಬಣ್ಣದ ಅಂಗಿ ತೊಟ್ಟಿದ್ದ ಮದುಮಗ ಒಳಗೆ ಕೂತ. ಮೇಸ್ತ್ರಿ ಎಳೆದಾಗ ತಮ್ಮ ಮುಂದಕ್ಕೆ ಬಾಗುತ್ತಿದ್ದ, ತಮ್ಮ ಎಳೆದಾಗ ಮೇಸ್ತ್ರಿ ಬಾನೆಟ್ಟಿನ ಮೇಲೆ ಬಾಗುತ್ತಿದ್ದ. ಮುಕ್ಕಾಲು ತಾಸು ಎಳೆದರು. ಹಳೆಯ ಗ್ಲಾಸು ಹೊರಗೆ ಬಂತು. ಅಂಗಿ ಬೆವರಲ್ಲಿ ತೊಯ್ದು ಮೈಗೆ ಅಂಟಿತ್ತು, ತೋಳಿಗೆ ಅಂಟಿನ ಕರಿ ಹತ್ತಿತ್ತು. ಅವ್ವ ಸೆರಗಿನಿಂದ ಒರೆಸಿದಳು. ಕರಿ ಇನ್ನಷ್ಟು ಹರಡಿತು.

"ಇನ್ನು ಹೊಸ ಗ್ಲಾಸ್ ಹಾಕ್ರಿ," ಎಂದೆ.

"ಬರಬೇಕ್ರೀ ಅದು. ದಾವಣಗೆರೆಯಿಂದ ಟೆಂಪೋದಾಗ ಬರ್ತಾ ಐತಿ."

"ಎಷ್ಟೊತ್ತು?"

"ಒಂದ್ ತಾಸು."

ಮಾವ ನೀಲಗುಂದಕ್ಕೆ ಫೋನು ಮಾಡಿ, "ಒಂದು ತಾಸು ತಡ ಆಕ್ಕೈತ್ರಿ ಬೀಗರ," ಎಂದ. ಹನ್ನೆರಡೂವರೆಗೆ ಮಾಡಿದಾಗಲೂ ಒಂದು ತಾಸು. ಒಂದೂವರೆಗೆ ಟೆಂಪೋ ಬಂತು. ಇಬ್ಬರು ಹುಷಾರಾಗಿ ಗ್ಲಾಸು ಇಳಿಸಿದರು. ಮೇಸ್ತ್ರಿ ಅದನ್ನು ಕಾರಿನ ಮೇಲೆ ಹಿಡಿದು ನೋಡಿ, ತಲೆ ಕೆರೆದುಕೊಂಡ. ಒಂದು ಗೇಣು ಉದ್ದವಿತ್ತು. ಹೆಸರು ಅದೇ ಆದರೂ ಹೊಸ ಮಾಡೆಲ್ ಕಾರಿನದಂತೆ. ನನ್ನದು ಹತ್ತು ವರ್ಷದ ಹಳೆಯದು.

ಟೆಂಪೋ ಗ್ಲಾಸಿನೊಡನೆ ವಾಪಸು ಹೋಯಿತು. ಕಾರು ಮಾತ್ರ ಹಲ್ಲಿಲ್ಲದ ಬಾಯಿ ತೆರೆದುಕೊಂಡು ನಿಂತಿತ್ತು. ಮಾವ ಮತ್ತೆ ಫೋನು ಹಚ್ಚಿ, "ಇನ್ನೊಂದ್ ತಾಸಿನಾಗ..." ಎಂದು ಶುರುಮಾಡಿ ಅಲ್ಲೇ ನಿಲ್ಲಿಸಿದ. ಅವನ ಮುಖ ಸಣ್ಣದಾಯಿತು. ಫೋನಿನ ಬಾಯಿಗೆ ಕೈ ಅಡ್ಡ ಹಿಡಿದು, "ಹುಡುಗೀನೇ ಮಾತಾಡಾಕತ್ಯಾಳ," ಎಂದು ಪಿಸುಗುಟ್ಟಿದ. "ಮೇಸ್ತ್ರಿ ಕೈಗೆ ಕೊಡ್ರಿ ಅಂತಾಳ!"

ಹುಡುಗಿ ಹರಪನಹಳ್ಳಿಯ ಒಂದು ಮೆಡಿಕಲ್ ಶಾಪಿನಲ್ಲಿ ಫಾರ್ಮಸಿಸ್ಟ್. ನಾನು ಸ್ಪೀಕರ್ ಹಾಕಿ ಫೋನನ್ನು ಮೇಸ್ತ್ರಿಯ ಮುಂದೆ ಹಿಡಿದೆ.

"ಅಣ್ಣಾರ, ಗ್ಲಾಸ್ ಈಗ ಎಲ್ಲೈತ್ರಿ?"

"ದಾವಣಗೆರೆ ಅಂಗಡ್ಯಾಗ, ತಂಗಿ."

"ಹೊರಟೈತೋ, ಹೊರಡಬೇಕೋ?"

ಮೇಸ್ತ್ರಿ ಕೈ ಒರೆಸಿಕೊಳ್ಳುತ್ತ, "ಹೊರಡಬೇಕು," ಎಂದ.

"ಬಂದ ಮ್ಯಾಲ ಹಾಕಾಕ ಎಷ್ಟೊತ್ತು?"

"ಒಂದ್ ತಾಸು."

"ಹಾಕಿದ ಕೂಡ್ಲೇ ಗಾಡಿ ತಗೊಂಡು ಹೋಗಬಹುದೇನು?"

"ಇಲ್ಲವ್ವ, ಅಂಟು ಹಿಡೀಬೇಕಲ್ಲ. ಅದಕ್ಕ ಮತ್ತೆರಡು ತಾಸು ಬಿಡಬೇಕು."

"ಅಂದ್ರ ಸಂಜಿ ಆರೂವರಿ."

"ಹೌದವ್ವ, ಆರೂವರಿ ಏಳು."

ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಬೆಳಗಿನಿಂದ ನಾವು ದೊಡ್ಡವರು ಕೇಳಿದ್ದಕ್ಕೆಲ್ಲ ಒಂದು ತಾಸು ಎಂದಿದ್ದವನು ಇವಳಿಗೆ ಒಂದು ನಿಮಿಷದಲ್ಲಿ ನಿಜ ಒಪ್ಪಿಸಿದ್ದ. "ನಮ್ಮನ್ನ ಯಾಕ ಹಂಗ ಕೂಡಿಸಿದಿ?" ಎಂದು ಮಾವ ಮೈಮೇಲೆ ಹೋದ. ಮೇಸ್ತ್ರಿಗೆ ಕಿಂಚಿತ್ತೂ ಬೇಜಾರಾಗಲಿಲ್ಲ. "ನೀವು ಗ್ಲಾಸ್ ಹಾಕಾಕ ಎಷ್ಟೊತ್ತು ಅಂತ ಕೇಳಿದ್ರಿ. ಹಾಕಾಕ ಒಂದೇ ತಾಸು," ಎಂದ.

ಫೋನಿನಲ್ಲಿ ಹುಡುಗಿ ಇನ್ನೂ ಇದ್ದಳು. "ಮಾಡಿಟ್ಟಿದ್ದು ಆರಿ ಹೋಗತೈತ್ರಿ. ನಾವ ಅಲ್ಲಿಗೆ ಬರ್ತೀವಿ," ಎಂದಳು.

ಅವ್ವ ಎದೆ ಮುಟ್ಟಿಕೊಂಡಳು. ಗ್ಯಾರೇಜಿನಲ್ಲಿ ಹೆಣ್ಣು ನೋಡುವುದೆಂದರೇನು, ಅದೂ ಹೆಣ್ಣೇ ಬಂದು! ಆದರೆ ಬೇಡವೆನ್ನಲು ಯಾರಿಗೂ ಬಾಯಿ ಬರಲಿಲ್ಲ. ಬೆಳಗಿನ ಎರಡು ಇಡ್ಲಿಯ ಮೇಲೆ ಯಾರೂ ಏನೂ ತಿಂದಿರಲಿಲ್ಲ.

ಮನೆಯ ಹಿರಿಯರನ್ನೆಲ್ಲ ಒಪ್ಪಿಸಿ ಅವರು ಬಂದದ್ದು ನಾಲ್ಕಕ್ಕೆ. ಸರಿಯಾದ ಗ್ಲಾಸೂ ಅಷ್ಟೊತ್ತಿಗಾಗಲೇ ಬಂದು, ಮೇಸ್ತ್ರಿ ಅಂಟು ಸುತ್ತಿ ಅದನ್ನು ಆಗತಾನೆ ಕೂರಿಸಿದ್ದ. ಜಾರದಂತೆ ಮೇಲಿನಿಂದ ಟೇಪು ಹಚ್ಚಬೇಕು, ಟೇಪು ಖಾಲಿಯಾಗಿತ್ತು. "ನಾ ಬರೋತನ ಒತ್ತಿ ಹಿಡಕೊಂಡಿರ್ರಿ, ಬಿಟ್ಟೀರಿ ಮತ್ತ!" ಎಂದು ತಮ್ಮನಿಗೆ ಹೇಳಿ ಅವನು ಬೈಕು ಹತ್ತಿ ಹೋದ. ಆಗಲೇ ಅವರ ಕಾರಿನಿಂದ ಹುಡುಗಿ, ಅವಳ ಅಪ್ಪ, ಚಿಕ್ಕಮ್ಮ ಇಳಿದರು.

ತಮ್ಮ ಎರಡೂ ಕೈಗಳಿಂದ ಗ್ಲಾಸನ್ನು ಒತ್ತಿಕೊಂಡು, ಕತ್ತು ಮಾತ್ರ ತಿರುಗಿಸಿ, "ನಮಸ್ಕಾರ್ರಿ," ಎಂದ. ಕೈ ಮುಗಿಯದ ವರನನ್ನು ನಾನು ಅಂದೇ ನೋಡಿದ್ದು. ಹುಡುಗಿಯ ಅಪ್ಪ ಬುತ್ತಿ ಬಿಚ್ಚಿ ಎಲ್ಲರಿಗೂ ಮಂಡಕ್ಕಿ, ಮೆಣಸಿನಕಾಯಿ ಬಜಿ ಹಂಚಿದರು. ತಮ್ಮನ ಬಳಿ ಬಂದು ಒಂದು ಕ್ಷಣ ಯೋಚಿಸಿ, ಒಂದು ಬಜಿಯನ್ನು ತಾವೇ ಅವನ ಬಾಯಿಗಿಟ್ಟರು. ಖಾರವಿತ್ತೆಂದು ಕಾಣುತ್ತದೆ. ಅವನ ಕಣ್ಣಲ್ಲಿ ನೀರು ಇಳಿಯಿತು, ಒರೆಸಿಕೊಳ್ಳಲು ಕೈ ಇಲ್ಲ. ಹುಡುಗಿ ಬಾಟಲಿ ತೆರೆದು ನೀರು ಕುಡಿಸಿದಳು. ಅವ್ವ ಬೇರೆ ಕಡೆ ನೋಡಿದಳು.

ಟೇಪು ಬಂತು. ಹುಡುಗ ಹುಡುಗಿ ಪ್ರತ್ಯೇಕವಾಗಿ ಮಾತಾಡಲಿ ಎಂದು ಹಿರಿಯರು ಅಂದರು. ಶೆಡ್ಡಿನಲ್ಲಿ ಬೇರೆ ಜಾಗವಿಲ್ಲ, ಕಾರಿನಲ್ಲೇ ಕೂರಿಸಿದೆವು. ತಮ್ಮ ಬಾಗಿಲು ಎಳೆಯಲು ಹೋದ.

"ಏ, ಡೋರ್ ಹಾಕಬ್ಯಾಡ್ರಿ!" ಎಂದು ಮೇಸ್ತ್ರಿ ಕೂಗಿದ. "ಒಳಗಿನ ಗಾಳಿ ಹೊಸ ಗ್ಲಾಸನ್ನ ಹೊರಗ ದಬ್ಬತೈತಿ."

ಹಾಗಾಗಿ ಬಾಗಿಲು ತೆರೆದೇ ಇತ್ತು. ನಾವೆಲ್ಲ ಮಂಡಕ್ಕಿ ತಿನ್ನುವುದನ್ನು ನಿಲ್ಲಿಸಿದೆವು. ಕುರುಕುರು ಸದ್ದಿಗೆ ಒಳಗಿನ ಮಾತು ಕೇಳುತ್ತಿರಲಿಲ್ಲ.

"ನೀವು ಹೇಳಿದ ಟೈಮಿಗೆ ಬರೋ ಪೈಕೀನೇನ್ರಿ?" ಎಂದು ಹುಡುಗಿ ಕೇಳಿದಳು.

ತಮ್ಮ ತೋಳಿನ ಕರಿ ಉಜ್ಜತೊಡಗಿದ. ಎಂಟನೆಯದೂ ಹೋಯಿತು ಅಂದುಕೊಂಡೆ.

"ಇಲ್ರಿ," ಎಂದ ಕೊನೆಗೆ. "ಅಂಗಡ್ಯಾಗ ಗೊಬ್ಬರದ ಲೋಡ್ ಬಂದ್ರ ಊಟಕ್ಕ ಬರೋದು ಎಷ್ಟೊತ್ತಾಕ್ಕೈತೋ ಹೇಳಾಕ ಬರಂಗಿಲ್ಲ. ಬರ್ತೀನಿ ಅಂತ ಸುಳ್ಳು ಹೇಳಂಗಿಲ್ಲ, ತಡ ಆಕ್ಕೈತಿ ಅಂತ ಫೋನ್ ಮಾಡ್ತೀನಿ."

ಮಾವ ಹಣೆ ಬಡಿದುಕೊಂಡ. ಗಡಿಯಾರ ನೋಡಿದ, ನಾಲ್ಕೂ ಮುಕ್ಕಾಲು. ರಾಹುಕಾಲ ಹತ್ತಿ ಕಾಲು ಗಂಟೆಯಾಗಿತ್ತು. ಒಳಗಿಂದ ಹುಡುಗಿ ನಕ್ಕದ್ದು ಕೇಳಿತು. ಆಮೇಲೆ ತಮ್ಮ ಮಾತಾಡಿದ, ಮಾತಾಡಿದ, ಬೀಜದ ಮೊಳಕೆಯ ತನಕ ಮಾತಾಡಿದ. ಅಂಟು ಹಿಡಿಯುವ ಎರಡು ತಾಸೂ ಅವರು ಕೆಳಗಿಳಿಯಲಿಲ್ಲ.

ವಾಪಸು ಬರುವಾಗ ಕಿಟಕಿಗಳನ್ನು ಎರಡು ಬೆರಳು ಇಳಿಸಿ, ನಿಧಾನ ಓಡಿಸಲು ಮೇಸ್ತ್ರಿ ತಾಕೀತು ಮಾಡಿದ್ದ. ಮಾವ ಕಿವಿಗೆ ಟವೆಲ್ ಸುತ್ತಿಕೊಂಡು, ಪ್ರತಿ ಹಂಪಿಗೂ ಗ್ಲಾಸಿಗೆ ಅಂಗೈ ಒತ್ತಿ ಹಿಡಿಯುತ್ತಿದ್ದ.

ಮೂರನೆಯ ದಿನ ಅವರಿಂದ ಒಪ್ಪಿಗೆ ಬಂತು. ಈಗ ತಮ್ಮನ ಸಂಸಾರ ಹಗರಿಬೊಮ್ಮನಹಳ್ಳಿಯಲ್ಲಿ ನಡೆದಿದೆ. ನಾದಿನಿ ಅಲ್ಲೇ ಸ್ವಂತ ಮೆಡಿಕಲ್ ಶಾಪ್ ಹಾಕಿದ್ದಾಳೆ. ಯಾರಾದರೂ ಹೆಣ್ಣು ಎಲ್ಲಿ ನೋಡಿದಿರಿ ಎಂದು ಕೇಳಿದರೆ ಅವ್ವ, "ನೀಲಗುಂದದಾಗ, ಬೀಗರ ಮನ್ಯಾಗ. ಎಂಥಾ ಚೊಲೋ ಮನಿ ಅಂತೀ!" ಎಂದು ತೊಲೆ, ಕಂಬ, ಪಡಸಾಲೆಯನ್ನೆಲ್ಲ ವರ್ಣಿಸುತ್ತಾಳೆ. ನಾದಿನಿ ಪಕ್ಕದಲ್ಲೇ ಕೂತು ಹೌದು ಹೌದು ಎನ್ನುತ್ತಾಳೆ.